ಬೆಳಕು ಹೇಗಿದೆ ಎಂದರೆ ‘ಅಡ್ಡಿಲ್ಲ’



ಬಟ್ಟೆ ಅಂಗಡಿಗೆ ಹೋದಾಗ ನಾವೆಲ್ಲ ತಪ್ಪದೆ ಮಾಡುವ ಒಂದು ಕೆಲಸವಿದೆ. ಅಂಗಡಿಯವರು ಮುಂದೆ ಹರಡಿದ ಬಟ್ಟೆಯ ಬಣ್ಣ ಎಷ್ಟೇ ಹಿಡಿಸಿದರೂ ಅಲ್ಲೇ ಒಪ್ಪಿಕೊಳ್ಳುವುದಿಲ್ಲ. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿ ಬರುತ್ತೇವೆ, ಹೊರಗಿನ ಬೆಳಕಿಗೆ ಹಿಡಿದು ನೋಡುತ್ತೇವೆ. ಒಳಗೆ ಕಪ್ಪಾಗಿ ಕಂಡದ್ದು ಹೊರಗೆ ಕಡುನೀಲಿಯಾಗಿರುತ್ತದೆ. ಒಳಗೆ ಚೆನ್ನಾಗಿ ಹೊಂದುತ್ತಿದ್ದ ದುಪಟ್ಟಾ ಹೊರಗೆ ಬೇರೆಯೇ ಬಣ್ಣದ್ದಾಗಿರುತ್ತದೆ. ಭಟ್ಕಳದ ಮುಖ್ಯರಸ್ತೆಯಲ್ಲಾಗಲಿ, ಹೊನ್ನಾವರ, ಕುಮಟಾ ಪೇಟೆಯಲ್ಲಾಗಲಿ, ಇದಕ್ಕೆ ಅಂಗಡಿಯವರು ಬೇಸರಿಸಿಕೊಳ್ಳುವುದಿಲ್ಲ. ದೀಪದ ಬೆಳಕು ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಿಲ್ಲ ಎಂಬುದು ಅವರಿಗೂ ಗೊತ್ತು.

ಒಂದು ಸಲ್ವಾರಿನ ಬಟ್ಟೆಗಾಗಿ ಇಷ್ಟು ಎಚ್ಚರ ವಹಿಸುವ ನಾವು, ದಿನಕ್ಕೆ ಏಳೆಂಟು ಗಂಟೆ ಕುಳಿತು ದುಡಿಯುವ ಜಾಗದ ಬೆಳಕಿನ ಬಗ್ಗೆ ಒಂದು ದಿನವಾದರೂ ವಿಚಾರಿಸಿದ್ದೇವೆಯೇ? ನಮ್ಮ ಮಗಳು, ಸೊಸೆ, ತಂಗಿ ದುಡಿಯುವಲ್ಲಿ ಬೆಳಕು ಹೇಗಿದೆ ಎಂದು ಕೇಳಿದ್ದೇವೆಯೇ? ಸಂಬಳ ಕೇಳುತ್ತೇವೆ. ಜೊತೆಯಲ್ಲಿ ಬೇರೆ ಹೆಂಗಸರು ಇದ್ದಾರೆಯೇ ಎಂದು ಕೇಳುತ್ತೇವೆ. ಮಗ್ರಿಬ್‌ಗೆ ಮುಂಚೆ ಮನೆಗೆ ಬರಲಾಗುತ್ತದೆಯೇ ಎಂದು ಕೇಳುತ್ತೇವೆ. ಬೆಳಕಿನ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮ ಮೂರು ಊರುಗಳಲ್ಲಿ ಇಂದು ಶಾಲೆಯ ಕಚೇರಿ, ಸಹಕಾರಿ ಸಂಘ, ಆಸ್ಪತ್ರೆಯ ಸ್ವಾಗತ ಮೇಜು, ರಕ್ತ ಪರೀಕ್ಷೆಯ ಲ್ಯಾಬ್, ಟ್ರಾವೆಲ್ಸ್, ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ಲೆಕ್ಕಪತ್ರದ ಕಚೇರಿ ಹೀಗೆ ಎಲ್ಲೆಡೆ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದಾರೆ. ಸಂಜೆ ಮನೆಗೆ ಬಂದಾಗ ಹಣೆ ಒತ್ತಿಕೊಳ್ಳುತ್ತಾರೆ, ಕಣ್ಣು ಉರಿಯುತ್ತದೆ ಎನ್ನುತ್ತಾರೆ. ಮನೆಯವರ ತೀರ್ಪು ಆಗಲೇ ಸಿದ್ಧ: ‘ಮೊಬೈಲ್ ನೋಡುವುದು ಜಾಸ್ತಿಯಾಯಿತು’, ಅಥವಾ ‘ನಿನಗೆ ಈ ಕೆಲಸ ಆಗಿಬರುವುದಿಲ್ಲ, ಬಿಟ್ಟುಬಿಡು.’ ಎಷ್ಟೋ ಹೆಣ್ಣುಮಕ್ಕಳ ಉದ್ಯೋಗ ಇಂತಹ ಒಂದು ಮಾತಿನಲ್ಲಿ ಮುಗಿಯುತ್ತದೆ. ಅವಳ ಮೇಜನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗಿಸಿದ್ದರೆ ಸಾಕಾಗುತ್ತಿತ್ತೇನೋ ಎಂದು ಯಾರೂ ಯೋಚಿಸುವುದಿಲ್ಲ.

ಅವಳನ್ನೇ ಕೇಳಿ ನೋಡಿ. “ನಿನ್ನ ಆಫೀಸಿನಲ್ಲಿ ಬೆಳಕು ಹೇಗಿದೆ?” ಉತ್ತರ ಒಂದೇ: “ಅಡ್ಡಿಲ್ಲ.” ನಮ್ಮ ಜಿಲ್ಲೆಯ ಈ ಮಾತು ಬಹಳ ಉಪಕಾರಿ. ಊಟ ಹೇಗಿದೆ ಎಂದರೂ ಅಡ್ಡಿಲ್ಲ, ಆರೋಗ್ಯ ಹೇಗಿದೆ ಎಂದರೂ ಅಡ್ಡಿಲ್ಲ. ಬಹಳ ಒಳ್ಳೆಯದಕ್ಕೂ ಅದೇ, ಸಹಿಸಿಕೊಳ್ಳುವಂಥದ್ದಕ್ಕೂ ಅದೇ. ಆದರೆ ಬೆಳಕಿನ ವಿಷಯದಲ್ಲಿ ಈ ‘ಅಡ್ಡಿಲ್ಲ’ದಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ಅವಳೊಬ್ಬಳನ್ನೇ ದೂರುವಂತಿಲ್ಲ, ನಾವು ಕೇಳುವ ಪ್ರಶ್ನೆಯೂ ಸರಿಯಿಲ್ಲ.

ಗೇರುಬೀಜದ ಕಾರ್ಖಾನೆಯ ಉದಾಹರಣೆ ತೆಗೆದುಕೊಳ್ಳಿ. ಕುಮಟಾದ ಕಡೆ ಇದನ್ನು ಬಲ್ಲವರು ಹಲವರಿದ್ದಾರೆ. ಸಿಪ್ಪೆ ಸುಲಿದ ತಿರುಳನ್ನು ಗಾತ್ರಕ್ಕೆ ತಕ್ಕಂತೆ, ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸುವವರು ಹೆಚ್ಚಾಗಿ ಹೆಂಗಸರು. ಡಬ್ಲ್ಯು-320 ಎಂದರೆ ಒಂದು ಪೌಂಡಿಗೆ 300ರಿಂದ 320 ತಿರುಳು ಬರುವ, ಬಿಳಿಯ ಇಡೀ ಬೀಜ. ಅದರಲ್ಲಿ ಸ್ವಲ್ಪ ಕಂದಿದ್ದು, ಸೀದದ್ದು ಸೇರಿದರೆ ದರ್ಜೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಮಂದ ಬೆಳಕಿನಲ್ಲಿ ಬಿಳಿ ಯಾವುದು, ತಿಳಿ ಕಂದು ಯಾವುದು ಎಂದು ಗುರುತಿಸುವುದು ಕಷ್ಟ. ಹೀಗಾಗಿ ಅಲ್ಲಿ ಬೆಳಕು ಕಡಿಮೆ ಎಂದು ಕೆಲಸದವಳು ಹೇಳಿದರೆ ಮಾಲೀಕ ಕಿವಿಗೊಡಲೇಬೇಕು, ಇಲ್ಲದಿದ್ದರೆ ನಷ್ಟ ಅವನಿಗೆ. ಕಚೇರಿಯಲ್ಲಿ ಹಾಗಲ್ಲ. ಬೆಳಕು ಕೆಟ್ಟದಾಗಿದ್ದರೂ ರಸೀದಿ ಬರೆಯಲಾಗುತ್ತದೆ, ಲೆಕ್ಕ ಕೂಡಿಸಲಾಗುತ್ತದೆ, ಟಿಕೆಟ್ ಬುಕ್ ಆಗುತ್ತದೆ. ಅವಳು ಇನ್ನಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ, ಕೆಲಸ ಮುಗಿಸಿಯೇ ಏಳುತ್ತಾಳೆ. ನಷ್ಟವೆಲ್ಲ ಅವಳ ಕತ್ತು, ಕಣ್ಣು, ತಲೆಗೆ. ಸಂಸ್ಥೆಯ ಖಾತೆ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ!

ಬಿ.ಎ. ತರಗತಿಗಳಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಹಾಥಾರ್ನ್ ಎಂಬ ಹೆಸರು ನೆನಪಿರಬಹುದು. ಅಮೆರಿಕದ ಶಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಕಾರ್ಖಾನೆ ಅದು. 1924ರಿಂದ 1927ರವರೆಗೆ ಅಲ್ಲಿ ದೀಪಗಳ ಬೆಳಕನ್ನು ಏರಿಸಿ ಇಳಿಸಿ, ಕೆಲಸಗಾರರ ದುಡಿಮೆ ಎಷ್ಟು ಬದಲಾಗುತ್ತದೆ ಎಂದು ನೋಡಿದರು. ಬೆಳಕು ಹೆಚ್ಚಿಸಿದಾಗ ಕೆಲಸ ಹೆಚ್ಚಿತು, ಕಡಿಮೆ ಮಾಡಿದಾಗಲೂ ಹೆಚ್ಚಿತು, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದೇ ಕಾರಣ ಎಂದು ಪಠ್ಯಪುಸ್ತಕಗಳು ಹೇಳುತ್ತಾ ಬಂದವು. 2011ರಲ್ಲಿ ಸ್ಟೀವನ್ ಲೆವಿಟ್, ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಅಂಕಿ ಅಂಶಗಳನ್ನು ಹುಡುಕಿ ತೆಗೆದು ಪರಿಶೀಲಿಸಿದಾಗ, ಈ ಕಥೆ ಪುಸ್ತಕದಲ್ಲಿರುವಷ್ಟು ಸ್ಪಷ್ಟವಾಗಿಲ್ಲ ಎಂದು ಕಂಡಿತು. ಅದೇನೇ ಇರಲಿ, ದುಡಿಮೆ ಎಷ್ಟಾಯಿತು ಎಂದು ನೋಡಿ ಬೆಳಕಿನ ಯೋಗ್ಯತೆ ಅಳೆಯಲಾಗದು. ದುಡಿಯುವವರು ಕಷ್ಟಪಟ್ಟಾದರೂ ದುಡಿಯುತ್ತಾರೆ. ಹಾಗಾದರೆ ಕುಳಿತವರನ್ನೇ ಕೇಳಬೇಕು, ಅದಕ್ಕೊಂದು ಕ್ರಮ ಬೇಕು.

ಆ ಕ್ರಮವನ್ನು ತಜ್ಞರು ರೂಪಿಸಿದ್ದಾರೆ. ನೀಲ್ ಎಕ್ಲಂಡ್ ಮತ್ತು ಪೀಟರ್ ಬಾಯ್ಸ್ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ಅಮೆರಿಕದಲ್ಲಿ ಕಚೇರಿಯ ಬೆಳಕಿನ ಬಗ್ಗೆ ಒಂದು ಪ್ರಶ್ನಾವಳಿ ಪ್ರಕಟಿಸಿದರು. ದೊಡ್ಡ ಯಂತ್ರ ಬೇಡ, ತಜ್ಞರ ತಂಡ ಬೇಡ. ಒಂದು ಪುಟ ಸಾಕು. ಹೌದು ಅಥವಾ ಇಲ್ಲ ಎಂದರೆ ಸಾಕು. ಅದರ ಜಾಣತನವಿರುವುದು ಬೆಳಕು ಹೇಗಿದೆ ಎಂಬ ಒಂದೇ ದೊಡ್ಡ ಪ್ರಶ್ನೆಯನ್ನು ಒಡೆದು ಸಣ್ಣದು ಮಾಡಿರುವುದರಲ್ಲಿ. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಟ್ಟಾರೆ ಇಲ್ಲಿಯ ಬೆಳಕಿನಲ್ಲಿ ಕುಳಿತುಕೊಳ್ಳಲು ಹಿತವಾಗಿದೆಯೇ? ನೀವು ಮಾಡುವ ಕೆಲಸಕ್ಕೆ ಬೆಳಕು ತೀರಾ ಹೆಚ್ಚೇ? ತೀರಾ ಕಡಿಮೆಯೇ? ಒಂದು ಕಡೆ ಬೆಳಕು ಸುರಿದು ಇನ್ನೊಂದು ಕಡೆ ಕತ್ತಲಾಗಿದೆಯೇ? ಬರೆಯುವಾಗ ಕೈಯದೋ ತಲೆಯದೋ ಗಾಢ ನೆರಳು ಹಾಳೆಯ ಮೇಲೆ ಬೀಳುತ್ತದೆಯೇ? ಕಂಪ್ಯೂಟರಿನ ಪರದೆಯಲ್ಲಿ ದೀಪದ ಪ್ರತಿಬಿಂಬ ಕಂಡು ಅಕ್ಷರ ಮಸುಕಾಗುತ್ತದೆಯೇ? ದೀಪವೇ ಕಣ್ಣಿಗೆ ಚುಚ್ಚುತ್ತದೆಯೇ? ದೀಪ ಮಿನುಗುತ್ತದೆಯೇ? ಈ ಬೆಳಕಿನಲ್ಲಿ ನಿಮ್ಮ ಚರ್ಮದ ಬಣ್ಣ ವಿಚಿತ್ರವಾಗಿ ಕಾಣುತ್ತದೆಯೇ? ಕೊನೆಯಲ್ಲಿ, ನೀವು ಕಂಡ ಇಂಥದೇ ಬೇರೆ ಕಚೇರಿಗಳಿಗೆ ಹೋಲಿಸಿದರೆ ಇಲ್ಲಿಯದು ಉತ್ತಮವೇ, ಅಷ್ಟಕ್ಕಷ್ಟೇ, ಕಳಪೆಯೇ?

ಚರ್ಮದ ಬಣ್ಣದ ಪ್ರಶ್ನೆ ಓದಿ ನಿಮಗೆ ನಗು ಬಂದಿರಬಹುದು. ಆದರೆ ಬಟ್ಟೆಯನ್ನು ಬಾಗಿಲಿಗೆ ತಂದು ನೋಡುವ ಹೆಂಗಸಿಗೆ ಅದರ ಅರ್ಥ ಬೇಗ ಆಗುತ್ತದೆ. ಕೆಲವು ದೀಪಗಳಡಿ ಮನುಷ್ಯರ ಮುಖ ಕಾಯಿಲೆ ಬಿದ್ದವರಂತೆ ಹಸಿರು ಹಸಿರಾಗಿ, ಬಿಳಿಚಿಕೊಂಡು ಕಾಣುತ್ತದೆ. ದಿನವಿಡೀ ಅಂತಹ ಮುಖಗಳ ನಡುವೆ ಕುಳಿತರೆ ಮನಸ್ಸಿಗೂ ಉಲ್ಲಾಸವಿರುವುದಿಲ್ಲ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕವಿದೆ, ಒಳ್ಳೆಯ ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಅದನ್ನು ಮುದ್ರಿಸಿರುತ್ತಾರೆ. ಪೂರ್ಣಾಂಕ 100. ಎಂಬತ್ತಕ್ಕಿಂತ ಕೆಳಗಿನದನ್ನು ಕುಳಿತು ಕೆಲಸ ಮಾಡುವ ಜಾಗಕ್ಕೆ ತರಬೇಡಿ. ರಕ್ತದ ಮಾದರಿ ನೋಡುವ ಲ್ಯಾಬಿಗೆ, ಬುರ್ಖಾ ಮತ್ತು ಬಟ್ಟೆ ಹೊಲಿಯುವ ಕೋಣೆಗೆ ತೊಂಬತ್ತು ಇದ್ದರೆ ಒಳ್ಳೆಯದು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಅಳೆದು ನೋಡಿದರೆ ಮುಗಿಯಿತಲ್ಲ, ಕೇಳುವುದೇಕೆ? ಬೆಳಕನ್ನು ಅಳೆಯಬಹುದು, ನಿಜ. ಅದರ ಮಾನ ಲಕ್ಸ್. ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನ ಆಸುಪಾಸು. ಭಾರತೀಯ ಮಾನಕ ಸಂಸ್ಥೆಯ ಐಎಸ್ 3646 ಎಂಬ ಸಂಹಿತೆಯ 1992ರ ಆವೃತ್ತಿ ಸಾಮಾನ್ಯ ಕಚೇರಿಗೆ 300, 500, 750 ಎಂಬ ಮೂರು ಮಟ್ಟಗಳನ್ನು ಕೊಟ್ಟಿದೆ. ಸಾಧಾರಣ ಸ್ಥಿತಿಯಲ್ಲಿ ನಡುವಿನದು. ಕೆಲಸ ಸೂಕ್ಷ್ಮವಾಗಿದ್ದರೆ, ಕೆಲಸ ಮಾಡುವವರ ದೃಷ್ಟಿ ಕುಂದಿದ್ದರೆ ಮೇಲಿನದು. ಈಗ ಮೊಬೈಲಿನಲ್ಲೂ ಲಕ್ಸ್ ಅಳೆಯುವ ಆ್ಯಪ್‌ಗಳಿವೆ, ಅವು ಒಂದು ಅಂದಾಜು ಕೊಡುತ್ತವೆ ಅಷ್ಟೇ.

ಆದರೆ ಮೇಜಿನ ಮೇಲೆ 500 ಲಕ್ಸ್ ಇದೆ ಎಂದು ಮೀಟರ್ ಹೇಳುತ್ತಿರುವಾಗಲೇ, ಅಲ್ಲಿ ಕುಳಿತವಳ ಕಣ್ಣಿಗೆ ಎದುರಿನ ಕಿಟಕಿಯಿಂದ ಸಂಜೆಯ ಬಿಸಿಲು ಹೊಡೆಯುತ್ತಿರಬಹುದು. ನಮ್ಮಲ್ಲಿ ಪಡುವಣ ಎಂದರೆ ಕಡಲ ಕಡೆ. ಮೂರು ಗಂಟೆಯ ನಂತರ ಆ ದಿಕ್ಕಿನ ಕಿಟಕಿ ಬೆಂಕಿಯಂತೆ ಹೊಳೆಯುತ್ತದೆ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ, ಮುಖ ಮಾಡಿ ಕುಳಿತರೆ ಕಣ್ಣು ಕೋರೈಸುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜು ಇಟ್ಟರೆ ಎರಡೂ ತೊಂದರೆಯಿಲ್ಲ. ಇದಕ್ಕೆ ಖರ್ಚೇನು? ಇಬ್ಬರು ಸೇರಿ ಮೇಜು ಎತ್ತಿದರಾಯಿತು. ಹೆದ್ದಾರಿಗೆ ಮುಖ ಮಾಡಿದ ಗಾಜಿನ ಬಾಗಿಲಿನ ಎದುರು ಕುಳಿತ ಸ್ವಾಗತಕಾರಿಣಿಯ ಕಷ್ಟವೂ ಇದೇ. ಬಂದವರ ಮುಖ ಅವಳಿಗೆ ಕಪ್ಪು ನೆರಳಾಗಿ ಕಾಣುತ್ತದೆ. ಕಣ್ಣು ಒಮ್ಮೆ ಹೊರಗಿನ ಬೆಳಕಿಗೆ, ಒಮ್ಮೆ ಮೇಜಿನ ಹಾಳೆಗೆ ಹೊಂದಿಕೊಳ್ಳುತ್ತಾ ಸೋಲುತ್ತದೆ. ಮೀಟರಿನಲ್ಲಿ ಈ ಸೋಲು ಬರುವುದಿಲ್ಲ, ಪ್ರಶ್ನಾವಳಿಯಲ್ಲಿ ಬರುತ್ತದೆ.

ಇನ್ನು ನಮ್ಮ ಪೇಟೆಗಳ ಕಟ್ಟಡಗಳನ್ನು ನೋಡಿ. ಹೆಚ್ಚಿನ ಕಚೇರಿಗಳು ಕಾಂಪ್ಲೆಕ್ಸಿನ ಅಂಗಡಿ ಕೋಣೆಗಳಲ್ಲಿವೆ. ಅಗಲ ಹತ್ತು ಅಡಿ, ಉದ್ದ ಇಪ್ಪತ್ತೈದು ಮೂವತ್ತು ಅಡಿ. ಮುಂದೆ ಒಂದು ಶಟರ್, ಉಳಿದ ಮೂರು ಕಡೆ ಗೋಡೆ. ಬೆಳಕಿಂಡಿ ನೆಲದಿಂದ ಎಷ್ಟು ಎತ್ತರಕ್ಕಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಕೆಲಸಕ್ಕೆ ಬರುವಷ್ಟು ಒಳಗೆ ಬರುತ್ತದೆ ಎಂಬುದು ಕಟ್ಟಡ ಕಟ್ಟುವವರ ಒಂದು ಲೆಕ್ಕ. ಏಳಡಿಯ ಬಾಗಿಲಾದರೆ ಹದಿನಾಲ್ಕರಿಂದ ಹದಿನೇಳು ಅಡಿ. ಅದರಾಚೆ ದೀಪವೇ ಗತಿ. ಆ ‘ಆಚೆ’ಯಲ್ಲಿ ಯಾರ ಮೇಜು ಇರುತ್ತದೆ? ಮುಂದೆ ಮಾಲೀಕರು, ನಡುವೆ ಗ್ರಾಹಕರು, ಹಿಂದೆ ನಮ್ಮ ಹುಡುಗಿಯರು.

ನಮ್ಮವೇ ಆದ ಅನೇಕ ಶಾಲೆಗಳಲ್ಲಿ, ಸಂಸ್ಥೆಗಳಲ್ಲಿ ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ಜಾಗ ಮಾಡಿಕೊಡುತ್ತಾರೆ. ಅದು ಒಳ್ಳೆಯದೇ, ಹೆತ್ತವರು ನೆಮ್ಮದಿಯಿಂದ ಕಳುಹಿಸುತ್ತಾರೆ. ಆದರೆ ಆ ಜಾಗ ಯಾವುದು ಎಂದು ನೋಡಿದ್ದೀರಾ? ಹಿಂಬದಿಯ ಮೂಲೆ, ಮೆಟ್ಟಿಲಿನ ಕೆಳಗಿನ ಕೋಣೆ, ಚಾವಣಿಯವರೆಗೆ ಹಲಗೆ ಹೊಡೆದ ಪಾರ್ಟಿಷನ್ ಒಳಗೆ. ಕಿಟಕಿ ಇದ್ದರೆ ಅದರ ಗಾಜಿಗೆ ಬಣ್ಣ ಬಳಿದಿರುತ್ತಾರೆ, ಅಥವಾ ದಪ್ಪ ಪರದೆ ಇಳಿಬಿಟ್ಟಿರುತ್ತಾರೆ. ಇಡೀ ಕೋಣೆಗೆಂದು ನಡುವೆ ಹಾಕಿದ್ದ ದೀಪದ ಬೆಳಕನ್ನು ಆಮೇಲೆ ಬಂದ ಪಾರ್ಟಿಷನ್ ಅರ್ಧಕ್ಕೆ ಕತ್ತರಿಸಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಪರ್ದಾ ಎಂದರೆ ಕತ್ತಲೆಯಲ್ಲಿ ಕೂರಿಸುವುದು ಎಂದು ಯಾರು ಹೇಳಿದರು? ನಮ್ಮ ಹಿರಿಯರ ಮನೆಗಳೇ ಇದಕ್ಕೆ ಉತ್ತರ. ಭಟ್ಕಳದ ಹಳೆಯ ಮನೆಗಳಲ್ಲಿ ಹೆಂಗಸರ ಓಡಾಟಕ್ಕೆ ಒಳ ಅಂಗಳವಿತ್ತು, ಮೇಲಿನಿಂದ ಬೆಳಕು ಬರುತ್ತಿತ್ತು, ಬೀದಿಯವರಿಗೆ ಏನೂ ಕಾಣುತ್ತಿರಲಿಲ್ಲ. ಅಡಿಗೆ ಮನೆಯ ಮಾಡಿನಲ್ಲಿ ಮಂಗಳೂರು ಹಂಚುಗಳ ನಡುವೆ ಒಂದೆರಡು ಗಾಜಿನ ಹಂಚು ಕೂರಿಸುತ್ತಿದ್ದರು. ಹೊಗೆಯ ನಡುವೆ ಬಿಸಿಲಿನ ಕೋಲು ನೆಲಕ್ಕೆ ಇಳಿಯುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಬೆಳಕು ಮೇಲಿನಿಂದ, ಮರೆ ಪಕ್ಕದಿಂದ! ಇಂದಿನ ಕಚೇರಿಯಲ್ಲೂ ಇದು ಸಾಧ್ಯ. ಪಾರ್ಟಿಷನ್ ಆರಡಿಗೆ ನಿಲ್ಲಲಿ, ಮೇಲಿನ ಭಾಗ ತೆರೆದಿರಲಿ ಅಥವಾ ಹಾಲುಬಿಳಿ ಗಾಜು ಇರಲಿ. ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಸಾಕು, ಮೇಲಿನ ಅರ್ಧವನ್ನು ಬಿಟ್ಟುಬಿಡಿ. ಗೋಡೆಗೆ, ಚಾವಣಿಗೆ ಬಿಳಿ ಬಣ್ಣ ಹೊಡೆಸಿ. ಕಡು ಹಸಿರು ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ಬಂದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ.

ದೀಪ ಎಷ್ಟು ವ್ಯಾಟಿನದು ಎಂದು ಮಾತ್ರ ನೋಡುವ ಅಭ್ಯಾಸವೂ ಹೋಗಬೇಕು. ದೂರ ಎರಡು ಪಟ್ಟಾದರೆ ಒಂದು ಬಲ್ಬಿನ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಎತ್ತರದ ಹಂಚಿನ ಮಾಡಿನ ಹಳೆಯ ಕಟ್ಟಡದಲ್ಲಿ ಜಂತಿಗೆ ತೂಗಿದ ಬಲ್ಬು ಕೆಳಗಿನ ಮೇಜಿಗೆ ಮುಟ್ಟುವಷ್ಟರಲ್ಲಿ ಬಡವಾಗಿರುತ್ತದೆ. ಅದನ್ನೇ ನಾಲ್ಕಡಿ ಕೆಳಗೆ ಇಳಿಬಿಟ್ಟರೆ ಅಥವಾ ಮೇಜಿಗೊಂದು ಸಣ್ಣ ಟೇಬಲ್ ಲ್ಯಾಂಪ್ ಇಟ್ಟರೆ ಕರೆಂಟು ಬಿಲ್ಲು ಹೆಚ್ಚುವುದಿಲ್ಲ, ಕೆಲಸ ಹಗುರವಾಗುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಲ್ಯಾಂಪ್ ಎಡಗಡೆ ಇರಬೇಕು, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೆ.

ಮಿನುಗುವ ದೀಪದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಕಣ್ಣಿಗೆ ಕಾಣದೆಯೂ ತೊಂದರೆ ಕೊಡುತ್ತದೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಚೋಕು, ಸ್ಟಾರ್ಟರಿನ ಟ್ಯೂಬ್‌ಲೈಟ್ ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಇದು ನಮ್ಮ ಅರಿವಿಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಒಂದು ಕಚೇರಿಯಲ್ಲಿ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಅಲ್ಲಿಯ ಸಿಬ್ಬಂದಿಗೆ ತಿಳಿಯದ ಹಾಗೆ ಟ್ಯೂಬ್‌ಲೈಟಿನ ಚೋಕು ಬದಲಾಯಿಸಿ, ಈ ಮಿನುಗು ಇಲ್ಲದಂತೆ ಮಾಡಿದರು. ತಲೆನೋವು, ಕಣ್ಣಿನ ಆಯಾಸದ ದೂರುಗಳು ಸರಾಸರಿ ಅರ್ಧಕ್ಕಿಂತ ಕೆಳಗಿಳಿದವು. ಬದಲಾದದ್ದು ದೀಪ ಎಂದು ಅವರಿಗೆ ಗೊತ್ತೇ ಇರಲಿಲ್ಲ! ಹೆಣ್ಣುಮಕ್ಕಳ ತಲೆನೋವನ್ನು ನೆವ ಎನ್ನುವವರಿಗೆ ಇದನ್ನು ಓದಿ ಹೇಳಿ.

2015ರಲ್ಲಿ ಕೇಂದ್ರದ ಉಜಾಲಾ ಯೋಜನೆ, ಅದರ ಬೆನ್ನಿಗೆ ನಮ್ಮ ರಾಜ್ಯದ ‘ಹೊಸ ಬೆಳಕು’ ಬಂದು ಎಲ್‌ಇಡಿ ಬಲ್ಬು ಮನೆಮನೆಗೆ ತಲುಪಿತು. ಅದರಿಂದ ಉಳಿತಾಯವಾಗಿದೆ. ಆದರೆ ಎಲ್‌ಇಡಿ ಎಂದ ಮಾತ್ರಕ್ಕೆ ಮಿನುಗು ಇಲ್ಲವೆಂದಲ್ಲ. ಹೆಸರಿಲ್ಲದ ಅಗ್ಗದ ಬಲ್ಬುಗಳು ಹಳೆಯ ಟ್ಯೂಬಿಗಿಂತಲೂ ಹೆಚ್ಚು ಮಿನುಗುವುದುಂಟು. ಒಂದು ಸರಳ ಪರೀಕ್ಷೆ ಇದೆ. ದೀಪದ ಕೆಳಗೆ ಒಂದು ಬಿಳಿ ಪೆನ್ನನ್ನು ಬೇಗ ಬೇಗ ಆಚೀಚೆ ಬೀಸಿ. ಪೆನ್ನು ಒಂದೇ ಸಮನೆ ಮಸುಕಾದ ಪಟ್ಟೆಯಂತೆ ಕಂಡರೆ ಒಳ್ಳೆಯದು. ಬೀಸಣಿಗೆಯ ಕಡ್ಡಿಗಳಂತೆ ಹತ್ತಾರು ಪೆನ್ನುಗಳು ಬಿಡಿಬಿಡಿಯಾಗಿ ಕಂಡರೆ ಆ ದೀಪ ಮಿನುಗುತ್ತಿದೆ. ಮಕ್ಕಳಿಗೆ ಇದು ಆಟದಂತೆ, ಮಾಡಿಸಿ ನೋಡಿ. ಇನ್ನೊಂದು ಮಿನುಗು ನಾವೇ ಮಾಡಿಕೊಂಡದ್ದು: ಸೀಲಿಂಗ್ ಫ್ಯಾನಿನ ಮೇಲ್ಗಡೆ ದೀಪ ಹಾಕುವುದು. ಫ್ಯಾನಿನ ರೆಕ್ಕೆಗಳು ಬೆಳಕನ್ನು ಕತ್ತರಿಸುತ್ತಾ ಇಡೀ ಮೇಜಿನ ಮೇಲೆ ನೆರಳು ಓಡುತ್ತಿರುತ್ತದೆ. ಕರಾವಳಿಯ ಸೆಕೆಯಲ್ಲಿ ಫ್ಯಾನು ನಿಲ್ಲಿಸುವಂತಿಲ್ಲ, ದೀಪವನ್ನೇ ಸ್ಥಳಾಂತರಿಸಬೇಕು.

ಒಂದೇ ಕೋಣೆಯಲ್ಲಿ ಕುಳಿತ ಇಬ್ಬರು ಎರಡು ಉತ್ತರ ಕೊಟ್ಟರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ಇಪ್ಪತ್ತರ ಹುಡುಗಿಗೆ ಸಾಕಾಗುವ ಬೆಳಕು ಐವತ್ತು ದಾಟಿದ ಹಿರಿಯ ಗುಮಾಸ್ತೆಗೆ ಸಾಕಾಗುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರವತ್ತರವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರದ್ದರ ಸುಮಾರು ಮೂರನೇ ಒಂದು ಪಾಲು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದಂತೂ ಎಲ್ಲರಿಗೂ ಆಗುವಂಥದ್ದು, ಅದಕ್ಕೆ ಕನ್ನಡಕವೇ ಮದ್ದು, ನೂರು ದೀಪ ಹಚ್ಚಿದರೂ ಪ್ರಯೋಜನವಿಲ್ಲ. ಹರೆಯದವರದ್ದು ಬೇರೆ ಕಥೆ. ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆಯಿಂದ ಹುಡುಗಿಗೆ ಕನ್ನಡಕ ಹಾಕಿಸದೆ ಕಣ್ಣು ಕಿರಿದು ಮಾಡಿಕೊಂಡೇ ದುಡಿಯಲು ಬಿಡುವ ತಾಯಂದಿರು ಈಗಲೂ ಇದ್ದಾರೆ. ತಲೆನೋವು ಬಿಡದಿದ್ದರೆ ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ದೀಪದ ಸುದ್ದಿ ಆಮೇಲೆ.

ಮಂದ ಬೆಳಕಿನಲ್ಲಿ ಓದಿದರೆ ಕಣ್ಣೇ ಹೋಗುತ್ತದೆ ಎಂದು ಹೆದರಿಸುವುದೂ ಸರಿಯಲ್ಲ. ದೊಡ್ಡವರ ಕಣ್ಣಿಗೆ ಅದರಿಂದ ಶಾಶ್ವತ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ, ವಿಶ್ರಾಂತಿ ಸಿಕ್ಕರೆ ಆಯಾಸ ಇಳಿಯುತ್ತದೆ. ಆದರೆ ಮರುದಿನ ಮತ್ತೆ ಅದೇ ಮೇಜು ಅಲ್ಲವೇ? ದಿನವೂ ತಲೆನೋವು ಹೊತ್ತು ಮನೆಗೆ ಬರುವವಳು ಮಕ್ಕಳ ಜೊತೆ ಸಿಡುಕದೆ ಇರುವುದು ಹೇಗೆ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 17ನೇ ಸೆಕ್ಷನ್ ಬೆಳಕಿಗೇ ಮೀಸಲಾಗಿತ್ತು. ಕೆಲಸಗಾರರು ದುಡಿಯುವ, ಓಡಾಡುವ ಎಲ್ಲ ಕಡೆ ಸಾಕಷ್ಟು ಹಾಗೂ ತಕ್ಕ ಬೆಳಕಿರಬೇಕು, ಕಿಟಕಿಯ ಗಾಜನ್ನು ಒಳಗೂ ಹೊರಗೂ ಸ್ವಚ್ಛವಾಗಿಡಬೇಕು, ಕಣ್ಣು ಕೋರೈಸುವುದನ್ನೂ ಕಣ್ಣಿಗೆ ಆಯಾಸ ತರುವ ನೆರಳನ್ನೂ ತಡೆಯಬೇಕು ಎಂದು ಅದು ಹೇಳಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ, ಬೆಳಕಿನ ಮಾತು ಅದರಲ್ಲೂ ಇದೆ. ಆದರೆ ಮೂರ್ನಾಲ್ಕು ಮಂದಿ ದುಡಿಯುವ ನಮ್ಮ ಸಣ್ಣ ಕಚೇರಿಗೆ ಇನ್‌ಸ್ಪೆಕ್ಟರ್ ಬಂದು ದೀಪ ನೋಡುತ್ತಾರೆ ಎಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಈ ಅಂಕಣ ಓದುವವರಲ್ಲಿ ಯಾರ ಮನೆಯವರು ಅಂಗಡಿ, ಶಾಲೆ, ಕಚೇರಿ ನಡೆಸುತ್ತಿದ್ದಾರೋ ಅವರಿಗೆ ನನ್ನ ಕೋರಿಕೆ. ಮೇಲೆ ಹೇಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೆಲಸದವರಿಗೆಲ್ಲ ಕೊಡಿ. ಹೆಸರು ಬರೆಸಬೇಡಿ. ಸಾಹೇಬರು ಎದುರಿಗೆ ನಿಂತು ಕೇಳಿದರೆ ಸಿಗುವ ಉತ್ತರ ಯಾವುದೆಂದು ನಮಗೆ ಗೊತ್ತು. ಹೌದು, ಇಲ್ಲ ಎರಡೇ ಇರಲಿ, ‘ಅಡ್ಡಿಲ್ಲ’ಕ್ಕೆ ಜಾಗ ಇಡಬೇಡಿ. ಐವರಲ್ಲಿ ಮೂವರು ಪರದೆಯಲ್ಲಿ ಪ್ರತಿಬಿಂಬ ಕಾಣುತ್ತದೆ ಎಂದರೆ ಹೊಸ ದೀಪ ತರಲು ಓಡಬೇಡಿ, ಮೊದಲು ಮೇಜು ತಿರುಗಿಸಿ. ಒಬ್ಬಳು ಮಾತ್ರ ಕತ್ತಲೆ ಎಂದಿದ್ದರೆ ಅವಳ ಕುರ್ಚಿಯಲ್ಲಿ ಅರ್ಧ ಗಂಟೆ ನೀವೇ ಕುಳಿತು ಲೆಕ್ಕ ಬರೆದು ನೋಡಿ. ಬದಲಾವಣೆ ಮಾಡಿದ ಮೇಲೆ ಎರಡು ವಾರ ಬಿಟ್ಟು ಅದೇ ಹಾಳೆಯನ್ನು ಮತ್ತೆ ಕೊಡಿ. ಮದರಸಾಗಳೂ ಯಾರಿಗೋ ಕೆಲಸದ ಸ್ಥಳವೇ. ಅಲ್ಲಿಯ ಮುಅಲ್ಲಿಮಾಗಳನ್ನು ಈ ಲೆಕ್ಕದಿಂದ ಹೊರಗಿಡಬೇಡಿ. ಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ದುಡಿಯುವ ಹುಡುಗಿಯರೂ ಅಷ್ಟೇ, ಮಂಚದ ಮೂಲೆ ಅವರ ಕಚೇರಿಯಾಗಿದ್ದರೆ ಅಲ್ಲಿಯ ಬೆಳಕನ್ನು ಯಾರಾದರೂ ಒಮ್ಮೆ ನೋಡಬೇಕು.

ಕೇಳುವ ಕಾಲವೂ ಮುಖ್ಯ. ಜನವರಿಯ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೇಳಿದರೆ ಎಲ್ಲ ಕಚೇರಿಯೂ ಬೆಳಗುತ್ತಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಎರಚಲಿಗೆ ಕಿಟಕಿ ಮುಚ್ಚಿರುತ್ತದೆ, ಮಧ್ಯಾಹ್ನವೇ ಮುಸ್ಸಂಜೆಯಂತಿರುತ್ತದೆ, ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಕೇಂದ್ರ ಇಟ್ಟುಕೊಂಡು, ಆ ಶರಾವತಿ ಕಡಲು ಸೇರುವ ಹೊನ್ನಾವರದಲ್ಲೂ ಮಳೆಗಾಲಕ್ಕೆ ಇನ್ವರ್ಟರ್ ಬೇಕು. ಕರೆಂಟು ಹೋದಾಗ ಆ ಇನ್ವರ್ಟರಿನ ತಂತಿ ಎಲ್ಲೆಲ್ಲಿಗೆ ಹೋಗಿದೆ ಎಂದು ನೋಡಿ. ಮ್ಯಾನೇಜರ್ ಕೋಣೆಗೆ ಒಂದು ದೀಪ, ಒಂದು ಫ್ಯಾನು. ಕೌಂಟರಿಗೆ ಒಂದು ದೀಪ. ಕಂಪ್ಯೂಟರುಗಳಿಗೆ ಪ್ಲಗ್ಗು. ಪಾರ್ಟಿಷನ್ ಹಿಂದೆ ಕುಳಿತವಳು ಪರದೆಯ ಬೆಳಕಿನಲ್ಲೇ ರಸೀದಿ ಪುಸ್ತಕ ತಡಕಾಡುತ್ತಿರುತ್ತಾಳೆ. ಕಂಪ್ಯೂಟರ್ ನಡೆಯುತ್ತಿರುವುದರಿಂದ ಕೆಲಸ ನಿಂತಿಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಒಂಬತ್ತು ವ್ಯಾಟಿನ ಒಂದು ಬಲ್ಬನ್ನು ಆ ತಂತಿಗೆ ಸೇರಿಸಿದರೆ ಯಾವ ಇನ್ವರ್ಟರಿಗೂ ಭಾರವಾಗದು. ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸವೂ ಅಲ್ಲ. ಮೇ ತಿಂಗಳಲ್ಲೇ ಹೇಳಿ ಮಾಡಿಸಿಕೊಳ್ಳಿ, ಜೂನ್ ಬಂದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.